ಹಲ್ಲಕ್ಕನ ಬಲ್ಬು

ಮನುಷ್ಯನ ಬಾಳಿನಲ್ಲಿ ಹಿಂದುಮುಂದು ನೋಡಿ, ಹತ್ತು ಜನರನ್ನು ಕೇಳಿ ತೀರ್ಮಾನಿಸಬೇಕಾದ ಸಂಗತಿಗಳು ಬಹಳವಿಲ್ಲ. ಮನೆ ಕಟ್ಟುವುದು, ಮದುವೆಯಾಗುವುದು, ಹೊಟ್ಟೆ ಕೊಯ್ಯಿಸಿಕೊಳ್ಳುವುದು ಮುಂತಾದವನ್ನೆಲ್ಲ ಜನ ಕಣ್ಣುಮುಚ್ಚಿಕೊಂಡು ಮಾಡಿ ಮುಗಿಸುತ್ತಾರೆ. ಆಮೇಲೆ ಬೇಕಾದರೆ ಕೂತು ಯೋಚಿಸುತ್ತಾರೆ. ಒಂದು ಸಂಸಾರದ ಸಕಲ ಬುದ್ಧಿಯನ್ನೂ ಬೇಡುವ, ತಾಯಿ-ಮಗನ ನಡುವೆ ಮಾತು ಬಿಡಿಸುವ ಶಕ್ತಿಯುಳ್ಳ, ನಿಜವಾಗಿ ಗಂಭೀರವಾದ ಪ್ರಶ್ನೆ ಒಂದೇ: ಮನೆಗೆ ಯಾವ ಬಲ್ಬು ಹಾಕಬೇಕು?

ಈ ಪ್ರಶ್ನೆ ತಲೆಯೆತ್ತಿದ್ದು ಸಾಲುಮನೆಗಳ ಒಂದು ಬೀದಿಯ ಕೊನೆಯ ಮನೆಯಲ್ಲಿ. ಅಲ್ಲಿದ್ದವರು ಮೂವರು. ಯಜಮಾನ ಬಸ್ ಡಿಪೋದ ಟೈಂಕೀಪರು. ಬಸ್ಸುಗಳು ಹೊತ್ತಿಗೆ ಸರಿಯಾಗಿ ಹೊರಡುತ್ತಿದ್ದವೋ ಇಲ್ಲವೋ, ಎಷ್ಟು ತಡವಾಗಿ ಹೊರಟವು ಎಂಬುದು ಮಾತ್ರ ಅವನ ದಯದಿಂದ ನಿಮಿಷ ತಪ್ಪದೆ ದಾಖಲಾಗುತ್ತಿತ್ತು. ಅವನ ತಾಯಿ ಎಪ್ಪತ್ತಾರರ ಮುದುಕಿ. ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಇನ್ನು ಅವನ ಹೆಂಡತಿ. ಅವಳನ್ನು ಬೀದಿಗೆ ಬೀದಿಯೇ ಹಲ್ಲಕ್ಕ ಎಂದು ಕರೆಯುತ್ತಿತ್ತು. ಹಲ್ಲು ಮುಂದಿತ್ತು ಅಂತಲ್ಲ. ಅವಳು ಹಲ್ಲು ಮಾಡುತ್ತಿದ್ದಳು.

ಕೆಲಸ ನಡೆಯುತ್ತಿದ್ದುದು ಹೀಗೆ. ಹಲ್ಲಿನ ಡಾಕ್ಟರು ರೋಗಿಯ ಮುರಿದ ಹಲ್ಲನ್ನು ಉಜ್ಜಿ ಮೊಟಕು ಮಾಡಿ, ಅದರ ಮೇಲೆ ಟೊಪ್ಪಿಗೆಯಂತೆ ಕೂರುವ ಹೊಸ ಹಲ್ಲಿಗಾಗಿ ಬಾಯಿಯ ಅಚ್ಚು ತೆಗೆದು, ಯಾವ ಬಣ್ಣದ ಹಲ್ಲು ಬೇಕೆಂದು ಚೀಟಿಯಲ್ಲಿ ಬರೆದು ಕಳಿಸುತ್ತಾರೆ. ಬಣ್ಣಕ್ಕೆ ಹೆಸರಿಲ್ಲ, ಎ, ಬಿ, ಸಿ, ಡಿ ಎಂಬ ನಾಲ್ಕು ಗುಂಪಿನ ನಂಬರು. ಹದಿನಾರು ಮಾದರಿ ಹಲ್ಲುಗಳನ್ನು ಸಾಲಾಗಿ ಸಿಕ್ಕಿಸಿದ ಒಂದು ಪಟ್ಟಿ ಡಾಕ್ಟರ ಬಳಿ ಇರುತ್ತದೆ, ಅಂಥದ್ದೇ ಇನ್ನೊಂದು ಹಲ್ಲಕ್ಕನ ಬಳಿ. ಎ-ಒಂದು ಎಂದರೆ ಹಾಲಿನ ಕೆನೆ. ಎ-ನಾಲ್ಕು ಎಂದರೆ ಹಳೆಯ ಪುಸ್ತಕದ ಹಾಳೆ. ಮನುಷ್ಯಕುಲದ ಬಹುಪಾಲು ನಗು ಇವೆರಡರ ನಡುವೆ ಎಲ್ಲೋ ಇದೆ. ಚೀಟಿಯ ನಂಬರು ನೋಡಿ ಹಲ್ಲಕ್ಕ ಪಿಂಗಾಣಿ ಪುಡಿ ಕಲಸಿ, ಕುಂಚದ ತುದಿಯಿಂದ ಪದರ ಪದರವಾಗಿ ಹಚ್ಚಿ, ಪುಟ್ಟ ಫರ್ನೇಸಿನಲ್ಲಿ ಸುಟ್ಟು, ತನ್ನ ಪಟ್ಟಿಯ ಮಾದರಿಯ ಪಕ್ಕ ಹಿಡಿದು ನೋಡಿ, ಡಬ್ಬಿಯಲ್ಲಿಟ್ಟು ಕಳಿಸುತ್ತಾಳೆ. ಕ್ಲಿನಿಕ್ಕಿನ ನರ್ಸಿನ ಮನೆ ಅದೇ ದಾರಿಯಲ್ಲಿದ್ದುದರಿಂದ ಡಬ್ಬಿ ಅವಳ ಬ್ಯಾಗಿನಲ್ಲೇ ಹೋಗಿ ಬರುತ್ತಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಸಾವಿರಾರು ಹಲ್ಲು ಮಾಡಿದ್ದ ಹಲ್ಲಕ್ಕ ಅವುಗಳ ಒಡೆಯರ ಪೈಕಿ ಹತ್ತು ಮುಖವನ್ನೂ ಕಂಡವಳಲ್ಲ. ಬಸ್ಸಿನಲ್ಲಿ ಯಾರಾದರೂ ನಕ್ಕರೆ ಒಮ್ಮೆ ದಿಟ್ಟಿಸಿ ನೋಡುತ್ತಿದ್ದಳು, ಅಷ್ಟೆ. ಎದುರಿನವರು ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಅವಳು ಕೂರುತ್ತಿದ್ದುದು ಮನೆಯ ಹಿಂದಿನ ಕೋಣೆಯಲ್ಲಿ. ಕಿಟಕಿಗೆ ಎದುರಾಗಿ ಪಕ್ಕದವರ ಗೋಡೆ, ಹಗಲಲ್ಲೂ ದೀಪ ಬೇಕು. ಹನ್ನೊಂದು ವರ್ಷ ದುಡಿದ ಟ್ಯೂಬ್‌ಲೈಟು ಒಂದು ದಿನ ಎರಡು ಸಲ ಕಣ್ಣು ಮಿಟುಕಿಸಿ ಸತ್ತಿತು. ಟೈಂಕೀಪರು ಸಂಜೆ ಬರುವಾಗಲೇ ಒಂದು ಬಲ್ಬು ತಂದು ಹಾಕಿದ. ಎರಡು ಕೊಂಡರೆ ಒಂದು ಬಿಟ್ಟಿ ಎಂಬ ಪಂಗಡದ ಬಲ್ಬು ಅದು. ಬಿಟ್ಟಿಯದನ್ನೇ ಹಿಂದಿನ ಕೋಣೆಗೆ ಹಾಕಿದ್ದ ಎಂಬುದನ್ನು ಅವನು ಹೇಳಲಿಲ್ಲ. ಅದಾದ ಮೂರು ವಾರಕ್ಕೆ ಮೊದಲ ಹಲ್ಲು ವಾಪಸು ಬಂತು.

ಮೇಲ್ದವಡೆಯ ಎಡಗಡೆ ಮುಂದಿನ ಹಲ್ಲು. ಚೀಟಿಯಲ್ಲಿ ಎ-ಮೂರು ಎಂದಿತ್ತು. ವಾಪಸು ಬಂದ ಡಬ್ಬಿಯಲ್ಲಿ ಡಾಕ್ಟರ ಕೈಬರಹದ ಒಂದು ಸಾಲು: ‘ಹಳದಿಯಾಗಿ ಕಾಣುತ್ತದೆಯಂತೆ.’ ಹಲ್ಲಕ್ಕ ತುಟಿ ಕಚ್ಚಿಕೊಂಡು ಹೊಸದಾಗಿ ಮಾಡಿದಳು. ಅದೂ ಬಂತು. ಈ ಸಲ ಡಾಕ್ಟರು ಫೋನನ್ನೇ ಮಾಡಿದರು.

“ಏನ್ ಹಲ್ಲಕ್ಕ, ಮನೇಲಿ ಎಲ್ಲಾ ಆರಾಮಾ?”

ಡಾಕ್ಟರು ಯೋಗಕ್ಷೇಮ ಕೇಳಿದರೆ ಏನೋ ಕಾದಿದೆ ಎಂದು ಅವಳಿಗೆ ಗೊತ್ತು.

“ಹೇಳಿ ಡಾಕ್ಟ್ರೇ.”

“ಅಲ್ಲ, ಪೇಶೆಂಟು ಹಟ ಹಿಡಿದಿದಾರೆ. ನಾನು ಮತ್ತೆ ಬಾಯಿಗೆ ಪಟ್ಟಿ ಹಿಡಿದು ನೋಡ್ದೆ, ಎ-ಮೂರೇ. ನಂಬರಲ್ಲಿ ತಪ್ಪಿಲ್ಲ. ನಿಮ್ಮ ಕೈಯಲ್ಲಿ ಏನೋ ಹೆಚ್ಚುಕಡಿಮೆ ಆಗ್ತಿದೆ.” ಆಮೇಲೆ ಮೆಲ್ಲಗೆ, “ಕಣ್ಣು ತೋರಿಸಿಕೊಂಡ್ರಾ ಈಚೆಗೆ?” ಎಂದರು.

ಹಲ್ಲಕ್ಕನಿಗೆ ನಲವತ್ತೊಂಬತ್ತು. ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕೆನ್ನುವುದು ಬೇರೆ ಮಾತು. ಬಣ್ಣ ಗುರುತಿಸಲಾಗದ ಹಲ್ಲುಗಾರ್ತಿ ಎಂದರೆ ಶ್ರುತಿ ಕೇಳದ ಹಾಡುಗಾರ್ತಿ ಇದ್ದಂತೆ. ಅವಳಿಗೆ ಬರುತ್ತಿದ್ದ ಕೆಲಸದಲ್ಲಿ ಮುಕ್ಕಾಲು ಪಾಲು ಈ ಒಬ್ಬ ಡಾಕ್ಟರದ್ದು. ಕಣ್ಣು ಹೋಯಿತೆಂದು ಅವರ ಬಾಯಿಂದ ಒಂದು ಮಾತು ಹೊರಬಿದ್ದರೆ ಉಳಿದ ಕಾಲು ಪಾಲೂ ಎದ್ದು ಹೋಗುತ್ತದೆ. ಅವಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು, ತನಗೆ ತಾನೇ ಪರೀಕ್ಷೆ ಇಟ್ಟುಕೊಂಡಳು.

ಪರೀಕ್ಷೆ ಸರಳ. ಪಟ್ಟಿಯಿಂದ ಹದಿನಾರೂ ಹಲ್ಲುಗಳನ್ನು ಕಿತ್ತು, ನಂಬರು ಕಾಣದಂತೆ ಬಟ್ಟೆಯ ಮೇಲೆ ಕಲಸಿ, ಬರಿಗಣ್ಣಿನಿಂದ ಮತ್ತೆ ಸಾಲು ಹಚ್ಚುವುದು. ಕಲಿಯುವ ಕಾಲದಲ್ಲಿ ಅವಳು ಅದನ್ನು ಎರಡು ನಿಮಿಷಕ್ಕೆ ಮುಗಿಸುತ್ತಿದ್ದಳು. ಈಗ ಬಲ್ಬಿನ ಕೆಳಗೆ ಆರು ನಿಮಿಷ ಬೇಕಾಯಿತು. ತಿರುಗಿಸಿ ನಂಬರು ನೋಡಿದರೆ ನಾಲ್ಕು ಹಲ್ಲು ತಪ್ಪು ಜಾಗದಲ್ಲಿದ್ದವು. ಹಲ್ಲಕ್ಕನಿಗೆ ಏನನ್ನಿಸಿತೋ, ಬಟ್ಟೆಯ ಸಮೇತ ಹಲ್ಲುಗಳನ್ನು ಹೊತ್ತುಕೊಂಡು ಹಿತ್ತಿಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಸಿಲಿನಲ್ಲಿ ಹರಡಿದಳು. ಎರಡೇ ನಿಮಿಷ. ಹದಿನಾರಕ್ಕೆ ಹದಿನಾರು ಸರಿ.

ಅತ್ತೆ ಹಿಂಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಏನೇ ಅದು, ಹಲ್ಲು ಒಣಗಹಾಕಿದ್ದೀಯಾ? ಕಾಗೆ ಎತ್ಕೊಂಡು ಹೋದೀತು.”

“ಹೋದ್ರೆ ಹೋಗ್ಲಿ ಅತ್ತೆ, ಕಾಗೆಗೂ ಒಂದು ಸೆಟ್ ಆಗತ್ತೆ,” ಎಂದಳು ಹಲ್ಲಕ್ಕ. ಅವಳ ದನಿಯಲ್ಲಿ ಎರಡು ವಾರದಿಂದ ಇರದಿದ್ದ ಜೀವ ಬಂದಿತ್ತು.

ಸಂಜೆ ಟೈಂಕೀಪರು ಚಪ್ಪಲಿ ಬಿಡುವ ಮೊದಲೇ ಅವಳು ಶುರುಮಾಡಿದಳು. “ರೀ, ನೀವು ಹಾಕಿದ ಬಲ್ಬು ಸುಳ್ಳು ಹೇಳತ್ತೆ.”

“ಬಲ್ಬು ಉರಿಯತ್ತೆ, ಇಲ್ಲಾ ಉರಿಯಲ್ಲ. ಸುಳ್ಳು ಗಿಳ್ಳು ಹೇಳೋದು ಮನುಷ್ಯರು.”

“ಹಂಗಾದ್ರೆ ಹೇಳಿ, ಅದನ್ನ ಎಲ್ಲಿಂದ ತಂದ್ರಿ, ಯಾಕೆ ತಂದ್ರಿ?”

ಟೈಂಕೀಪರಿಗೆ ಬಿಟ್ಟಿ ವಿಷಯ ಬಾಯಿಬಿಡಬೇಕಾಯಿತು. ಹೇಳಿದ್ದೇ ತಡ, ಹಜಾರದಿಂದ ಅವನ ತಾಯಿ, “ಹೆಂಡತಿಗೆ ಬಿಟ್ಟಿ ಬಲ್ಬು, ಪೇಪರ್ ಓದೋಕೆ ತನಗೆ ದುಡ್ಡು ಕೊಟ್ಟದ್ದು! ಅಪ್ಪನ್ನೇ ಹೋಲ್ತಾನೆ,” ಎಂದು ತೀರ್ಪು ಕೊಟ್ಟಳು. ತೀರಿಕೊಂಡ ಅಪ್ಪ ವಾದಕ್ಕೆ ಸಿಗುವಂತಿರಲಿಲ್ಲವಾದ್ದರಿಂದ ಟೈಂಕೀಪರು ತಲೆತಗ್ಗಿಸಿದ. ಮರುದಿನ ರಜೆ ಹಾಕಿ, ಹೆಂಡತಿಯ ಜತೆ ಬಲ್ಬಿನಂಗಡಿಗೆ ಹೊರಟ.

ಬಲ್ಬಿನಂಗಡಿಯವನು ಉದ್ದ ಹಲಗೆಯೊಂದಕ್ಕೆ ಎಂಟು ಹೋಲ್ಡರು ಬಡಿದು ಗೋಡೆಗೆ ನಿಲ್ಲಿಸಿದ್ದ. ಗಿರಾಕಿ ಬಲ್ಬು ಕೇಳಿದರೆ ಅದಕ್ಕೆ ಸಿಕ್ಕಿಸಿ ಉರಿಯುತ್ತದೆಂದು ತೋರಿಸಿ ಕೊಡುವುದು ಅವನ ಪದ್ಧತಿ. ಉರಿದರೆ ಮುಗಿಯಿತು, ಮುಂದಿನ ಮಾತಿಲ್ಲ. ಹಲ್ಲಕ್ಕ ಕೈಚೀಲದಿಂದ ಹದಿನಾರು ಹಲ್ಲಿನ ಪಟ್ಟಿ, ಅದರ ಹಿಂದೆ ವಾಪಸು ಬಂದ ಎರಡು ಹಲ್ಲುಗಳನ್ನು ತೆಗೆದು ಗಾಜಿನ ಕೌಂಟರಿನ ಮೇಲಿಟ್ಟಾಗ ಅವನು ಒಂದು ಹೆಜ್ಜೆ ಹಿಂದೆ ಸರಿದ.

“ಏನಮ್ಮಾ ಇದು?”

“ಹಲ್ಲು. ನಿಮ್ಮ ಬಲ್ಬಿನ ಕೆಳಗೆ ಇಟ್ಟು ನೋಡ್ಬೇಕು.”

“ಯಾರ ಹಲ್ಲು?”

“ಇನ್ನೂ ಯಾರದ್ದೂ ಅಲ್ಲ,” ಎಂದಳು ಹಲ್ಲಕ್ಕ, ನಿಜವನ್ನೇ.

ಟೈಂಕೀಪರು ನಡುವೆ ಬಾಯಿ ಹಾಕಿದ. ಅವನು ಹಿಂದಿನ ಸಂಜೆಯೆಲ್ಲ ಮನೆಯಲ್ಲಿದ್ದ ಬಲ್ಬುಗಳ ಡಬ್ಬಗಳನ್ನು ಹೊರಗೆಳೆದು ಓದಿದ್ದ. ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ. “ನೋಡಿ ಸ್ವಾಮಿ, ವಾಟ್ ಅನ್ನೋದು ಕರೆಂಟು ಎಷ್ಟು ತಿನ್ನತ್ತೆ ಅನ್ನೋ ಲೆಕ್ಕ ಅಷ್ಟೆ. ಬೆಳಕಿನ ಬಣ್ಣಕ್ಕೆ ಬೇರೆ ನಂಬರಿದೆ. ಮೂರು ಸಾವಿರ ಇದ್ರೆ ಹಳದಿ. ಆರೂವರೆ ಸಾವಿರ ಇದ್ರೆ ಬಿಳಿ, ಸ್ವಲ್ಪ ನೀಲಿ ಹೊಡೆಯತ್ತೆ. ನಮಗೆ ನಡುವಿನದು ಬೇಕು.”

“ಮೂವತ್ತು ವರ್ಷದಿಂದ ಬಲ್ಬು ಮಾರ್ತಿದೀನಿ ಸಾರ್,” ಎಂದ ಅಂಗಡಿಯವನು ತಣ್ಣಗೆ. “ನಂಗೇ ಹೇಳ್ಕೊಡ್ತೀರಲ್ಲ.”

“ಡಬ್ಬ ಓದಿದ್ದೀರಾ?”

ಅಂಗಡಿಯವನು ಡಬ್ಬ ಓದಿರಲಿಲ್ಲ. ಮೂವತ್ತು ವರ್ಷದಲ್ಲಿ ಓದಿ ಎಂದವರೂ ಇರಲಿಲ್ಲ. ಅವನು ಮುಖ ಗಂಟಿಕ್ಕಿಕೊಂಡೇ ಮೊದಲ ಬಲ್ಬು ಸಿಕ್ಕಿಸಿದ. ಹಲ್ಲಕ್ಕ ಹಲ್ಲುಗಳನ್ನು ಕಲಸಿ ಸಾಲು ಹಚ್ಚಿದಳು, ಎರಡು ತಪ್ಪು. ಎರಡನೆಯ ಬಲ್ಬಿಗೆ ಮೂರು ತಪ್ಪು. ಮೂರನೆಯದು ಹಳದಿ, ಅಲ್ಲಿ ಅವಳು ಎ-ಎರಡು ಯಾವುದು ಎ-ಮೂರು ಯಾವುದು ಎಂದು ತಿಣುಕಾಡಿ ಕೈಬಿಟ್ಟಳು. ನಾಲ್ಕನೆಯ ಹೊತ್ತಿಗೆ ಅಂಗಡಿಯವನು ಕೌಂಟರಿನ ಈಚೆ ಬಂದು ಅವಳ ಭುಜದ ಪಕ್ಕ ನಿಂತಿದ್ದ. ಸ್ವಿಚ್ ಕೊಳ್ಳಲು ಬಂದವನೊಬ್ಬನನ್ನು, “ಸ್ವಲ್ಪ ತಡೀರಿ, ಇಲ್ಲಿ ಪರೀಕ್ಷೆ ನಡೀತಿದೆ,” ಎಂದು ನಿಲ್ಲಿಸಿದ. ನಿಂತವನೂ ನೋಡತೊಡಗಿದ.

“ಅಮ್ಮಾ, ಈ ಎರಡಕ್ಕೂ ಡಬ್ಬದ ಮೇಲೆ ಅದೇ ನಾಲ್ಕು ಸಾವಿರ,” ಎಂದ ಅಂಗಡಿಯವನು, ಈಗ ತಾನೇ ಡಬ್ಬ ಓದುತ್ತ. “ಒಂದರಲ್ಲಿ ನಿಮಗೆ ತಪ್ಪೇ ಆಗ್ಲಿಲ್ಲ, ಇನ್ನೊಂದರಲ್ಲಿ ಎರಡು ತಪ್ಪಾಯ್ತು. ಬೆಳಕು ನೋಡಿದ್ರೆ ಎರಡೂ ಒಂದೇ. ಹೆಂಗೆ?”

ಅದು ಹಲ್ಲಕ್ಕನಿಗೂ ಬೇಕಾಗಿದ್ದ ಪ್ರಶ್ನೆ. ಟೈಂಕೀಪರು ಕನ್ನಡಕವನ್ನು ಹಣೆಗೇರಿಸಿ ಡಬ್ಬದ ತಳಭಾಗವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ. ಅಲ್ಲಿ, ಇರುವೆ ಬರೆದಂಥ ಅಕ್ಷರದಲ್ಲಿ, ಇನ್ನೊಂದು ಅಂಕಿ ಇತ್ತು. ಸೂರ್ಯನ ಬೆಳಕಿನಲ್ಲಿ ಬಣ್ಣಗಳು ಹೇಗೆ ಕಾಣುತ್ತವೋ ಅದಕ್ಕೆ ನೂರು ಮಾರ್ಕು ಎಂದಿಟ್ಟುಕೊಂಡರೆ, ಈ ಬಲ್ಬಿನ ಕೆಳಗೆ ಎಷ್ಟು ನಿಜವಾಗಿ ಕಾಣುತ್ತವೆ ಎಂಬುದರ ಮಾರ್ಕು. ಒಂದಕ್ಕೆ ತೊಂಬತ್ತೈದು. ಇನ್ನೊಂದಕ್ಕೆ ಎಂಬತ್ತು. ಮನೆಯಲ್ಲಿದ್ದ ಬಿಟ್ಟಿ ಬಲ್ಬಿಗೆ ಅಂಕಿಯೇ ಇರಲಿಲ್ಲ; ಅದು ಪರೀಕ್ಷೆಗೇ ಕೂತಿರಲಿಲ್ಲ.

“ಇದು ಬಟ್ಟೆ ಅಂಗಡಿಯವರು ಕೇಳಿದ್ರು ಅಂತ ತರಿಸಿದ್ದೆ,” ಎಂದ ಅಂಗಡಿಯವನು, ತೊಂಬತ್ತೈದರ ಡಬ್ಬದ ಧೂಳು ಒರೆಸುತ್ತ. “ದುಬಾರಿ ಆಯ್ತು ಅಂತ ಬಿಟ್ಟುಹೋದ್ರು. ಯಾಕೆ ದುಬಾರಿ ಅಂತ ನಂಗೂ ಗೊತ್ತಿರ್ಲಿಲ್ಲ ನೋಡಿ.” ಅವನು ಒಂದು ಹಲ್ಲನ್ನು ಎರಡು ಬೆರಳಲ್ಲಿ ಹಿಡಿದು, ಒಮ್ಮೆ ಈ ಬಲ್ಬಿಗೆ, ಒಮ್ಮೆ ಆ ಬಲ್ಬಿಗೆ ತೋರಿಸುತ್ತಲೇ ಇದ್ದ. ಸ್ವಿಚ್ಚಿನ ಗಿರಾಕಿ ತನ್ನ ಹಲ್ಲು ಯಾವ ನಂಬರು ಎಂದು ಕೇಳಿದ. ಹಲ್ಲಕ್ಕ ನೋಡಿ, “ಬಿ-ಮೂರು. ಸಿಗರೇಟು ಬಿಟ್ಟರೆ ಬಿ-ಎರಡು,” ಎಂದಳು. ಅವನು ಸ್ವಿಚ್ ಮರೆತು ಹೋದ.

ಹಿಂದಿನ ಕೋಣೆಗೆ ತೊಂಬತ್ತೈದು ಮಾರ್ಕಿನ ಬಲ್ಬು ಬಂತು. ಹಲ್ಲಕ್ಕ ಅದರ ಕೆಳಗೆ ಕೂತು ಮೂರನೆಯ ಹಲ್ಲು ಮಾಡಿದಳು. ಎ-ಮೂರರ ಮಾದರಿಯ ಪಕ್ಕ ಹಿಡಿದರೆ ಅವಳಿಗೇ ಯಾವುದು ಮಾದರಿ, ಯಾವುದು ತಾನು ಮಾಡಿದ್ದು ಎಂದು ತಬ್ಬಿಬ್ಬಾಗುವಂತಿತ್ತು. ಹಿತ್ತಿಲ ಬಿಸಿಲಲ್ಲೂ ನೋಡಿದಳು, ಕೂದಲೆಳೆಯ ವ್ಯತ್ಯಾಸವಿಲ್ಲ. ಕಣ್ಣು ಸರಿ, ಬಲ್ಬು ಸರಿ, ಹಲ್ಲು ಸರಿ. ಡಬ್ಬಿಗೆ ಹಾಕಿ ನರ್ಸಿನ ಕೈಗೆ ಕೊಟ್ಟು, ಮೂರು ವಾರದಲ್ಲಿ ಮೊದಲ ಸಲ ಮಧ್ಯಾಹ್ನ ನೆಮ್ಮದಿಯಾಗಿ ಮಲಗಿದಳು.

ನಾಲ್ಕನೆಯ ದಿನ ಡಬ್ಬಿ ವಾಪಸು ಬಂತು.

ಬೆನ್ನಿಗೇ ಫೋನು. ಈ ಸಲ ಡಾಕ್ಟರು ಯೋಗಕ್ಷೇಮ ಕೇಳಲಿಲ್ಲ. “ಹಲ್ಲಕ್ಕ, ನಂಗೂ ಮುಖ ತೋರಿಸೋಕೆ ಆಗ್ತಿಲ್ಲ. ಅದೇ ಮಾತು, ಹಳದಿ ಅಂತೆ. ನಾಲ್ಕನೇದು ಮಾಡಿ. ಅದೂ ವಾಪಸು ಬಂದ್ರೆ ಇನ್ನು ಮುಂದೆ ದೊಡ್ಡ ಲ್ಯಾಬಿಗೇ ಕಳಿಸ್ತೀನಿ. ಅಲ್ಲಿ ಎಲ್ಲಾ ಮೆಷಿನ್ನು. ಬೇಜಾರು ಮಾಡ್ಕೋಬೇಡಿ.”

“ನಂಬರು ಎಷ್ಟು ಡಾಕ್ಟ್ರೇ?”

“ಎ-ಮೂರು. ನಾನೇ ನೋಡಿದ್ದು, ಮೂರು ಸಲ. ಪುಸ್ತಕದಲ್ಲಿ ಹೇಳಿದ ಹಾಗೆ, ಕುರ್ಚಿ ಮೇಲಿನ ಲೈಟ್ ಆರಿಸಿ ನೋಡಿದ್ದು.”

ಕಣ್ಣಿಗೆ ಹೊಡೆಯುವ ಆ ದೊಡ್ಡ ಲೈಟನ್ನು ಆರಿಸಿ, ಕೋಣೆಯ ಸಾಧಾರಣ ಬೆಳಕಿನಲ್ಲಿ ಬಣ್ಣ ನೋಡಬೇಕು ಎಂಬುದು ನಿಯಮವೇ. ಅವಳೂ ಹಾಗೇ ಕಲಿತವಳು. ಹಲ್ಲಕ್ಕ ಫೋನಿಟ್ಟು, ಒಂದೇ ಬಗೆಯ ಮೂರು ಹಲ್ಲುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ನೋಡಿದಳು. ಮೂರನೆಯದು ಎ-ಮೂರೇ. ಅದನ್ನು ಹಾಕಿಕೊಂಡ ಬಾಯಿಗೆ ಮಾತ್ರ ಅದು ಹಳದಿ. ಹೆದರಿಕೆಗಿಂತ ಈಗ ಅವಳನ್ನು ಹೆಚ್ಚು ಕಾಡಿದ್ದು ಕುತೂಹಲ. ಯಾವುದೋ ಒಂದು ಕಡೆ ಯಾರೋ ತಪ್ಪು ನೋಡುತ್ತಿದ್ದಾರೆ, ಯಾರು, ಎಲ್ಲಿ?

ಇತ್ತ ಟೈಂಕೀಪರಿಗೆ ಬಲ್ಬಿನ ಹುಚ್ಚು ನೆತ್ತಿಗೇರಿತ್ತು. ಹಿಂದಿನ ಕೋಣೆಯ ಯಶಸ್ಸಿನಿಂದ ಉಬ್ಬಿ, ಹಜಾರದ ಬೆಳಕನ್ನೂ ಸುಧಾರಿಸಲು ಮೂರು ಬಗೆಯ ಬಲ್ಬು ತಂದಿದ್ದ. ಪಸಂದಾಗದ ಎರಡನ್ನು ವಾಪಸು ಕೊಡುವ ಕರಾರಿನ ಮೇಲೆ. ಅಂದು ಕತ್ತಲಾಗುತ್ತಿದ್ದಂತೆ ಸ್ಟೂಲು ಹತ್ತಿ ನಿಂತು ಮನೆಮಂದಿಯ ಮತ ಕೇಳಿದ. ಮನೆಮಂದಿಯೆಂದರೆ ಅವನ ತಾಯಿ, ಮತ್ತು ತಲೆಯೆಲ್ಲ ಹಲ್ಲೇ ತುಂಬಿಕೊಂಡು ಗೋಡೆಗೊರಗಿ ಕೂತ ಹೆಂಡತಿ.

ಆರೂವರೆ ಸಾವಿರದ ಬಿಳಿ ಬಲ್ಬು ಹತ್ತಿತು.

“ಆರಿಸೋ! ಆಸ್ಪತ್ರೇಲಿ ಮಲಗಿದ ಹಾಗಿದೆ,” ಎಂದಳು ತಾಯಿ. “ನನ್ನ ಕೈ ನೋಡು, ಸತ್ತು ಎರಡು ದಿನ ಆಗಿರೋ ಕೈ.”

“ಅಮ್ಮ, ಇದರಲ್ಲಿ ಪೇಪರಿನ ಅಕ್ಷರ ಎಷ್ಟು ಚೆನ್ನಾಗಿ ಕಾಣತ್ತೆ ನೋಡು.”

“ಪೇಪರು ಓದೋದು ನೀನು. ಮುಖ ಹೊತ್ಕೊಂಡು ಕೂರೋದು ನಾನು.”

ನಾಲ್ಕು ಸಾವಿರದ್ದಕ್ಕೆ ಮುದುಕಿ ಮೂಗು ಮುರಿದಳು. ಮೂರು ಸಾವಿರದ ಹಳದಿ ಬಲ್ಬು ಹತ್ತಿದಾಗ ಅವಳ ಮುಖ ಅರಳಿತು. ಕೈ ತಿರುಗಿಸಿ ನೋಡಿಕೊಂಡಳು, ಗೋಡೆ ನೋಡಿದಳು, ಎದುರಿನ ಬೀರುವಿನ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು ಬಾಯ್ತುಂಬ ನಕ್ಕಳು. “ನೋಡು! ಹತ್ತು ವರ್ಷ ಚಿಕ್ಕೋಳಾದೆ. ಹಲ್ಲೂ ಎಷ್ಟು ಚಂದ ಕಾಣ್ತಿದೆ.”

ಆ ಹಲ್ಲು ಸೊಸೆಯೇ ಮಾಡಿಕೊಟ್ಟ ಪೂರ್ತಿ ಸೆಟ್ಟು, ಎ-ಮೂರು. ಅದರಲ್ಲಿ ಒಂದು ಕೋರೆಹಲ್ಲು ಬಿದ್ದುಹೋಗಿ, ಕಳೆದ ವರ್ಷ ಮನೆಯಲ್ಲಿದ್ದ ಎ-ಎರಡರ ಹಲ್ಲನ್ನೇ ಕೂರಿಸಿದ್ದಳು. ಹೊರಗಿನವರದಾಗಿದ್ದರೆ ಪ್ರಾಣ ಹೋದರೂ ಹಾಗೆ ಮಾಡುತ್ತಿರಲಿಲ್ಲ. ಮುದುಕಿ ಒಂದು ವರ್ಷ ಪೂರ್ತಿ ಆ ಬಿಳಿ ಕೋರೆಯನ್ನು ಎತ್ತಿ ಆಡಿ ಸೊಸೆಯನ್ನು ಸಾಕುಮಾಡಿದ್ದಳು. ಈಗ ಹಲ್ಲಕ್ಕ ತಲೆಯೆತ್ತಿ ನೋಡಿದರೆ ಆ ಕೋರೆ ಎಲ್ಲಿದೆ ಎಂದೇ ಗೊತ್ತಾಗಲಿಲ್ಲ.

ಅವಳು ದಡಕ್ಕನೆ ಎದ್ದಳು. “ಅತ್ತೆ, ಬಾಯಿ ಮುಚ್ಚಬೇಡಿ!”

ಈ ಮನೆಯಲ್ಲಿ ಆ ಮಾತು ಯಾರೂ ಯಾವತ್ತೂ ಆಡಿರಲಿಲ್ಲ. ಮುದುಕಿ ಬೆರಗಿನಿಂದ ಬಾಯಿ ತೆರೆದೇ ಇದ್ದಳು. ಹಲ್ಲಕ್ಕ ಹಿಂದಿನ ಕೋಣೆಯಿಂದ ಪಟ್ಟಿ ತಂದು ಅತ್ತೆಯ ಹಲ್ಲಿನ ಪಕ್ಕ ಹಿಡಿದಳು. ಕೋರೆಗೆ ಎ-ಎರಡು ಹಿಡಿದರೂ ಹೊಂದುತ್ತಿತ್ತು, ಎ-ಮೂರು ಹಿಡಿದರೂ ಹೊಂದುತ್ತಿತ್ತು. “ರೀ, ನಾಲ್ಕು ಸಾವಿರದ್ದು ಹಾಕಿ.” ಟೈಂಕೀಪರು ಬಿಸಿ ಬಲ್ಬನ್ನು ಬನಿಯನ್ನಿನ ಅಂಚಿನಲ್ಲಿ ಹಿಡಿದು ಬದಲಿಸಿದ. ಕೋರೆ ಬಿಳಿಯಾಗಿ ಎದ್ದು ಕಂಡಿತು. ಎ-ಮೂರು ಅದರ ಪಕ್ಕ ಕಾಫಿ ಕುಡಿದಂತಿತ್ತು. “ಮತ್ತೆ ಹಳದಿ.” ಕೋರೆ ಮಾಯ. “ಮತ್ತೆ ಅದು.” ಕೋರೆ ಹಾಜರು.

“ಹಳದಿ ಬೆಳಕಲ್ಲಿ ಹಳದಿ ಹಳದಿಗೆ ಇರೋ ವ್ಯತ್ಯಾಸ ಕಾಣೋದೇ ಇಲ್ಲ ಕಣ್ರೀ,” ಎಂದಳು ಹಲ್ಲಕ್ಕ. “ಎರಡು ಮೂರು ಎಲ್ಲಾ ಒಂದೇ ಆಗೋಗತ್ತೆ.”

“ಅದಕ್ಕೇ ನಾನು ಹೇಳಿದ್ದು, ಇದೇ ಇರ್ಲಿ ಅಂತ,” ಎಂದಳು ಅತ್ತೆ, ದವಡೆ ನೀವಿಕೊಳ್ಳುತ್ತ. “ನೀನು ಮಾಡಿದ ತಪ್ಪು ಮುಚ್ಚಿಹೋಗತ್ತೆ.”

ಹಲ್ಲಕ್ಕ ಆ ಚುಚ್ಚುಮಾತನ್ನು ಕೇಳಿಸಿಕೊಳ್ಳಲಿಲ್ಲ. ತಾನು ಯಾವ ಬೆಳಕಿನಲ್ಲಿ ಹಲ್ಲು ಮಾಡುತ್ತಿದ್ದೇನೆ ಎಂದು ಹದಿನೈದು ದಿನ ತಲೆ ಕೆಡಿಸಿಕೊಂಡು ಬಲ್ಬಿನಂಗಡಿಗೂ ಅಲೆದವಳಿಗೆ, ಡಾಕ್ಟರು ಯಾವ ಬೆಳಕಿನಲ್ಲಿ ನೋಡುತ್ತಿದ್ದಾರೆ ಎಂದು ಕೇಳಬೇಕೆಂದು ಹೊಳೆದದ್ದು ಈಗ.

ಮರುದಿನ ಬೆಳಿಗ್ಗೆ ಅವಳು ನರ್ಸಿಗೆ ಫೋನು ಮಾಡಿ, ಆ ಹಲ್ಲಿನ ಒಡೆಯರನ್ನು ಹತ್ತು ಗಂಟೆಗೆ ಬರಹೇಳಲು ಬೇಡಿಕೊಂಡು, ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಕ್ಲಿನಿಕ್ಕಿಗೆ ಅವಳು ಕಾಲಿಟ್ಟು ಎರಡು ವರ್ಷವಾಗಿತ್ತು. ಬಾಗಿಲು ತಳ್ಳಿದವಳು ಹೊಸ್ತಿಲಲ್ಲೇ ನಿಂತಳು. ಬರೀ ಬಿಳಿ ಹಂಚು, ಬಿಳಿ ಟ್ಯೂಬಿನ ಹಳೆಯ ಕೋಣೆ ಹೋಗಿ ಅಲ್ಲೊಂದು ಹೋಟೆಲಿನ ಒಳಾಂಗಣವಿತ್ತು. ಮರದ ಬಣ್ಣದ ಗೋಡೆ, ಮೆತ್ತನೆಯ ಸೋಫ. ಚಾವಣಿಯಲ್ಲಿ ಹುದುಗಿಸಿಟ್ಟ ಹತ್ತಾರು ಪುಟ್ಟ ದೀಪಗಳಿಂದ ಜೇನಿನಂಥ ಹಳದಿ ಬೆಳಕು ಸುರಿಯುತ್ತಿತ್ತು. ಕಿಟಕಿಗೆ ದಪ್ಪ ಪರದೆ.

“ಹೆಂಗಿದೆ ಹಲ್ಲಕ್ಕ?” ಎಂದರು ಡಾಕ್ಟರು. “ಎರಡು ತಿಂಗಳಾಯ್ತು ಮಾಡಿಸಿ. ಜನಕ್ಕೆ ಹೆದರಿಕೆ ಆಗ್ಬಾರ್ದು, ಮನೇಲಿ ಕೂತ ಹಾಗಿರ್ಬೇಕು ಅಂತ ನನ್ನ ಮಿಸೆಸ್ಸೇ ಎಲ್ಲ ದೀಪ ಆಯ್ಕೆ ಮಾಡಿದ್ದು. ನಮ್ಮ ಮನೆ ಹಾಲಿಗೂ ಇವೇ.”

“ತುಂಬಾ ಚೆನ್ನಾಗಿದೆ,” ಎಂದಳು ಹಲ್ಲಕ್ಕ. ಅತ್ತೆ ನೋಡಿದ್ದರೆ ಇಲ್ಲೇ ವಾಸಕ್ಕೆ ಬರುತ್ತಿದ್ದಳು ಎಂಬುದನ್ನು ಮನಸ್ಸಿನಲ್ಲೇ ಇಟ್ಟುಕೊಂಡಳು.

ಕುರ್ಚಿಯಲ್ಲಿ ಆ ಹಲ್ಲಿನ ಒಡತಿ ಕೂತಿದ್ದಳು. ಪ್ಲಾಸ್ಟರಿನ ಅಚ್ಚಿನಲ್ಲಿ ಒಂದು ತಿಂಗಳು ನೋಡಿದ ದವಡೆಗೆ ಈಗ ಕಣ್ಣು, ಮೂಗು, ಖಾಕಿ ಅಂಗಿ ಎಲ್ಲ ಬಂದಿದ್ದವು. ಟ್ರಾಫಿಕ್ ಪೊಲೀಸಮ್ಮ. ಸೀಟಿ ಊದುತ್ತ ನಿಂತಿದ್ದಾಗ ಸ್ಕೂಟರಿನ ಕನ್ನಡಿಯೊಂದು ತಗಲಿ ಸೀಟಿಯೂ ಹಲ್ಲೂ ಒಟ್ಟಿಗೇ ಮುರಿದಿದ್ದವು.

“ಇಲ್ಲಿ ನೋಡೋಕೆ ಅಂತ ಹಂಗಾಮಿಯಾಗಿ ಅಂಟಿಸಿದಾಗ ಚೆನ್ನಾಗೇ ಇರತ್ತೆ ಕಣ್ರೀ,” ಎಂದಳು ಪೊಲೀಸಮ್ಮ, ಕೇಳುವ ಮೊದಲೇ. “ಡಾಕ್ಟ್ರು ಕನ್ನಡಿ ಕೊಟ್ಟಾಗ ನಾನೂ ಹೂಂ ಅಂತೀನಿ. ಹೊರಗೆ ಹೋಗಿ ಸರ್ಕಲ್ಲಲ್ಲಿ ನಿಂತ ಮೇಲೆ ನಮ್ಮ ಸ್ಟಾಫೇ ಕೇಳ್ತಾರೆ, ಮೇಡಂ, ಹಲ್ಲಿಗೆ ಏನೋ ಅಂಟಿಕೊಂಡಿದೆ ಅಂತ. ದಿನಾ ಎಂಟು ಗಂಟೆ ಬಿಸಿಲಲ್ಲಿ ನಿಲ್ಲೋಳು ನಾನು.”

ಡಾಕ್ಟರು ನಿಯಮದಂತೆ ಕುರ್ಚಿಯ ಮೇಲಿನ ದೊಡ್ಡ ಲೈಟು ಆರಿಸಿ, ಎ-ಮೂರನ್ನು ಅವಳ ಬಲಗಡೆಯ ಮುಂದಿನ ಹಲ್ಲಿನ ಪಕ್ಕ ಹಿಡಿದರು. “ನೋಡಿ ನೀವೇ.”

ಹೊಂದುತ್ತಿತ್ತು. ಹಲ್ಲಕ್ಕ ಎ-ಎರಡನ್ನು ಹಿಡಿದಳು. ಅದೂ ಹೊಂದುತ್ತಿತ್ತು. ಡಾಕ್ಟರ ಹುಬ್ಬು ಒಂದಿಷ್ಟು ಮೇಲೇರಿತು.

“ಡಾಕ್ಟ್ರೇ, ಒಂದು ನಿಮಿಷ ಹೊರಗೆ ಬನ್ನಿ. ಮೇಡಂ, ನೀವೂ.”

“ಎಲ್ಲಿಗೆ?”

“ಫುಟ್‌ಪಾತಿಗೆ.”

ಬಿಳಿ ಕೋಟು ಹಾಕಿಕೊಂಡು ಫುಟ್‌ಪಾತಿನಲ್ಲಿ ಹಲ್ಲು ನೋಡುವುದು ಡಾಕ್ಟರ ಘನತೆಗೆ ಒಪ್ಪುವ ಕೆಲಸವಾಗಿರಲಿಲ್ಲ. ಅವರು ಗಂಟಲು ಸರಿಮಾಡಿಕೊಂಡರು, ಗಡಿಯಾರ ನೋಡಿದರು. ಪೊಲೀಸಮ್ಮ ಆಗಲೇ ಎದ್ದು ಟೋಪಿ ಸಿಕ್ಕಿಸಿಕೊಂಡು ಬಾಗಿಲು ತೆರೆದಿದ್ದಳು. ಪೊಲೀಸು ಮುಂದೆ ನಡೆದರೆ ಹಿಂದೆ ನಡೆಯುವುದು ಮನುಷ್ಯರಿಗೆ ಅಭ್ಯಾಸ. ಹತ್ತು ಗಂಟೆಯ ಬೆಳಕಿನಲ್ಲಿ, ಕ್ಲಿನಿಕ್ಕಿನ ನೆರಳಿನಂಚಿನಲ್ಲಿ ಅವಳು ರಸ್ತೆಗೆ ಮುಖ ಮಾಡಿ ನಿಂತು ಹಲ್ಲು ಕಿರಿದಳು. ಬರುತ್ತಿದ್ದ ಸ್ಕೂಟರುಗಳು ಒಂದೊಂದಾಗಿ ನಿಧಾನವಾದವು. ಒಬ್ಬ ಹ್ಯಾಂಡಲಿಗೆ ನೇತುಹಾಕಿದ್ದ ಹೆಲ್ಮೆಟ್ಟನ್ನು ಗಡಿಬಿಡಿಯಿಂದ ತಲೆಗೇರಿಸಿದ. ಇನ್ನೊಬ್ಬ ಕೇಳದೆಯೇ ಲೈಸೆನ್ಸ್ ತೆಗೆದು ತೋರಿಸಿದ.

“ಹೋಗ್ರೀ, ಹೋಗ್ರೀ!” ಎಂದಳು ಪೊಲೀಸಮ್ಮ, ಹಲ್ಲು ಮುಚ್ಚದೆ.

ಹಲ್ಲಕ್ಕ ಎ-ಮೂರನ್ನು ಹಿಡಿದಳು. ಅದು ಪೊಲೀಸಮ್ಮನ ಹಲ್ಲಿನ ಪಕ್ಕ ಹಳೆಯ ಕಾಗದದಂತೆ ಕಂಡಿತು. ಡಾಕ್ಟರು ಬಗ್ಗಿ ನೋಡಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. ಎ-ಎರಡನ್ನು ತಾವೇ ಪಟ್ಟಿಯಿಂದ ಕಿತ್ತು ಹಿಡಿದರು.

“ಅಯ್ಯೋ,” ಎಂದರು, ಬಹಳ ಮೆಲ್ಲಗೆ. ಆಮೇಲೆ, “ಎರಡು ತಿಂಗಳಿಂದ ಎಷ್ಟು ಜನಕ್ಕೆ…” ಎಂದು ಶುರುಮಾಡಿ, ರಸ್ತೆಯ ಎರಡೂ ಬದಿ ನೋಡಿ ನಿಲ್ಲಿಸಿದರು.

ಹಲ್ಲಕ್ಕ ಅವರ ಮಾತಿಗೆ ಕಿವಿಗೊಡಲಿಲ್ಲ. ಅವಳು ಹಲ್ಲು ನೋಡುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಯಾವ ಚೀಟಿಯೂ ಅವಳಿಗೆ ಹೇಳದಿದ್ದ ಸಂಗತಿಗಳು ಅಲ್ಲಿದ್ದವು: ತುದಿಯಲ್ಲಿ ಗಾಜಿನಂತೆ ಬೆಳಕು ಹಾಯುವ ಒಂದು ಅಂಚು, ನಡುವೆ ಅಡ್ಡಲಾಗಿ ಸುಣ್ಣದ ಗೆರೆಯಷ್ಟು ತೆಳ್ಳಗಿನ ಬಿಳಿ, ವಸಡಿನ ಹತ್ತಿರ ಮಾತ್ರ ಒಂದು ಚೂರು ಕೆಂಪು ಬೆರೆತ ಬಣ್ಣ. ಎ-ಎರಡು ಎಂಬುದು ಅದರ ಮನೆತನದ ಹೆಸರು ಅಷ್ಟೆ. ಹಲ್ಲಿನ ಪರಿಚಯ ಇನ್ನೂ ಬೇರೆ ಇತ್ತು. ಅವಳು ಚೀಟಿ ತಿರುಗಿಸಿ ಹಿಂಬದಿಯಲ್ಲಿ ಹಲ್ಲಿನ ಚಿತ್ರ ಬರೆದು, ಒಂದೊಂದನ್ನೂ ಗುರುತು ಹಾಕಿಕೊಂಡಳು. ಪೊಲೀಸಮ್ಮ ತಾಳ್ಮೆಯಿಂದ ಹಲ್ಲು ಕಿರಿದೇ ನಿಂತಿದ್ದಳು. ಆ ಹತ್ತು ನಿಮಿಷ ಆ ರಸ್ತೆಯಲ್ಲಿ ಯಾರೂ ನಿಯಮ ಮೀರಲಿಲ್ಲ.

ದೀಪ ಬದಲಿಸುವ ಮಾತನ್ನು ಡಾಕ್ಟರು ಎತ್ತಲಿಲ್ಲ. ಅದು ಮಿಸೆಸ್ಸಿನ ಇಲಾಖೆ. ಬದಲಿಗೆ ನರ್ಸನ್ನು ಕರೆದು, ಇನ್ನು ಮೇಲೆ ಹಲ್ಲಿನ ಬಣ್ಣ ನೋಡಬೇಕಾದ ರೋಗಿಗಳನ್ನು ಹಗಲಿನಲ್ಲೇ ಬರಹೇಳಬೇಕೆಂದೂ ಬಾಗಿಲ ಬಳಿ ಹೊರಗೆ ಒಂದು ಸ್ಟೂಲು ಹಾಕಬೇಕೆಂದೂ ಅಪ್ಪಣೆ ಮಾಡಿದರು. ಹಲ್ಲಕ್ಕನ ಕಡೆ ತಿರುಗಿ, “ಕಣ್ಣಿನ ಮಾತು ಅಂದಿದ್ದೆ, ಮನಸ್ಸಿಗೆ ಹಚ್ಕೋಬೇಡಿ,” ಎಂದರು. “ಆದ್ರೂ ನಾಲ್ಕನೇದು ಸರಿ ಹೋಗ್ಬೇಕು, ಹಲ್ಲಕ್ಕ. ಇವರು ಇನ್ನೊಂದು ಸಲ ಬರಲ್ಲ.”

“ಬರಲ್ಲ,” ಎಂದಳು ಪೊಲೀಸಮ್ಮ.

ಹಲ್ಲಕ್ಕ ಎರಡು ದಿನ ಹಿಂದಿನ ಕೋಣೆಯಿಂದ ಈಚೆ ಬರಲಿಲ್ಲ. ಹಜಾರದಲ್ಲಿ ತಾಯಿಯ ಮಂಚದ ಮೇಲೆ ಹಳದಿ ಬಲ್ಬೂ ಮಗನ ಕುರ್ಚಿಯ ಮೇಲೆ ಬಿಳಿ ಬಲ್ಬೂ ಬಂದು, ಎರಡು ಬೆಳಕುಗಳ ಗಡಿರೇಖೆ ನೆಲದ ಮೇಲೆ ಎಲ್ಲಿ ಬೀಳಬೇಕೆಂಬ ಬಗ್ಗೆ ಇಬ್ಬರೂ ಹೊಸದಾಗಿ ಕಾದಾಡುತ್ತಿದ್ದುದು ಅವಳ ಕಿವಿಗೆ ಬೀಳಲಿಲ್ಲ. ಅಂಚಿಗೆ ಗಾಜಿನಂಥ ಪುಡಿ, ನಡುವೆ ಬಿಳಿ ಗೆರೆ, ಬುಡಕ್ಕೆ ಚೂರೇ ಕೆಂಪು; ಒಮ್ಮೆ ಸುಟ್ಟು, ಸಾಲದೆ, ಇನ್ನೊಂದು ಪದರ ಹಚ್ಚಿ ಮತ್ತೆ ಸುಟ್ಟಳು. ಬಲ್ಬಿನ ಕೆಳಗೆ ನೋಡಿದಳು, ಹಿತ್ತಿಲಲ್ಲಿ ನೋಡಿದಳು, ಕೊನೆಗೆ ಅತ್ತೆಯ ಹಳದಿ ಬೆಳಕಿನಲ್ಲೂ ನೋಡಿದಳು.

ಮಂಗಳವಾರ ನರ್ಸು ಡಬ್ಬಿ ಒಯ್ದಳು. ಬುಧವಾರ ಹಲ್ಲು ಕೂರಿಸಿದರು. ಗುರುವಾರ, ಶುಕ್ರವಾರ, ಶನಿವಾರ ನರ್ಸು ಮನೆಯ ಮುಂದೆಯೇ ನಿಲ್ಲದೆ ಹಾದುಹೋದಳು. ಸೋಮವಾರ ಅವಳು ತಂದ ಡಬ್ಬಿಯಲ್ಲಿ ಬೇರೆ ಮೂವರ ಅಚ್ಚುಗಳಿದ್ದವು.

ನಾಲ್ಕನೆಯ ಹಲ್ಲು ವಾಪಸು ಬರಲಿಲ್ಲ.